ನಾನು ಕದಿಯದೆ ಬಂದ ಬಿಳಿ ಕೇಪಳ

ಹೊಸನಗರದ ಆ ಬಾಡಿಗೆ ಮನೆಯ ಬೇಲಿಯ ಪಕ್ಕ ನಿಂತು ಆಡಿದಷ್ಟು ಮಾತನ್ನು ನಾನು ಜನ್ಮದಲ್ಲಿ ಮತ್ತೆಲ್ಲೂ ಆಡಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ತೀರ್ಥಹಳ್ಳಿಯಿಂದ ಮದುವೆಯಾಗಿ ಬಂದವಳು ನಾನು. ಗಂಡ ಅಲ್ಲಿ ಮೇಷ್ಟರು. ಮನೆಯೆಂದರೆ ಎರಡು ಕೋಣೆ, ಒಂದು ಜಗಲಿ. ಅಂಗಳ ಮಾತ್ರ ಧಾರಾಳವಾಗಿತ್ತು. ಬೇಲಿಯ ಆಚೆಗೆ ಕಚೇರಿ ಗುಮಾಸ್ತರ ಮನೆ. ಅವರ ಹೆಂಡತಿ ಸಾಗರದ ಕಡೆಯ ತೋಟದ ಮನೆತನದವಳು, ನನಗಿಂತ ಎರಡು ವರ್ಷ ದೊಡ್ಡವಳು, ಬಾಯಿ ನನ್ನಷ್ಟೇ ದೊಡ್ಡದು. ಗಂಡಸರು ಊಟದ ಡಬ್ಬಿ ಹಿಡಿದು ಹೊರಟರೋ ಇಲ್ಲವೋ, ಅವಳು ಆ ಕಡೆ, ನಾನು ಈ ಕಡೆ, ನಡುವೆ ದಾಸವಾಳದ ಬೇಲಿ. ಒಲೆಯ ಮೇಲೆ ಬೇಳೆ ಸೀದ ವಾಸನೆ ಬಂದ ಮೇಲೆಯೇ ನಾವು ಒಳಗೆ ಓಡುತ್ತಿದ್ದುದು.

ಸಂಕ್ರಾಂತಿ ಕಳೆದು ಚಳಿ ಸಡಿಲವಾಗುವ ಹೊತ್ತಿಗೆ ಈ ಮಾತಿಗೆ ರಂಗೇರುತ್ತಿತ್ತು. ಮಲ್ಲಿಗೆಯ ಎಲೆ ಸವರಿ ಆಯಿತೇ, ಸವರಿದ ಮೇಲೆ ಎಷ್ಟು ದಿನ ನೀರು ನಿಲ್ಲಿಸಿದ್ದು, ಗುಲಾಬಿಯನ್ನು ಗೇಣುದ್ದ ಬಿಟ್ಟು ಕತ್ತರಿಸಬೇಕೋ ಮೊಳದುದ್ದವೋ, ಡೇರೆ ಹೂವಿನ ಗಡ್ಡೆಯನ್ನು ಮಳೆಗಾಲದವರೆಗೆ ಬೂದಿಯಲ್ಲಿಟ್ಟರೆ ಒಳ್ಳೆಯದೋ ಮರಳಲ್ಲೋ. ಗಿಡದ ಬುಡಕ್ಕೆ ಹಾಕುವ ಸುಡುಮಣ್ಣು ಯಾರ ಮನೆಯಲ್ಲಿ ಮಾಡಿದ್ದಾರೆ, ಕೇಳಿದರೆ ಒಂದು ಬುಟ್ಟಿ ಕೊಟ್ಟಾರೇ. ನಾನು ತೀರ್ಥಹಳ್ಳಿಯ ಪದ್ಧತಿ ಹೇಳಿದರೆ ಅವಳು ಸಾಗರದ್ದನ್ನು ಎತ್ತಿ ಹಿಡಿಯುತ್ತಿದ್ದಳು. ನಾನು ಗುಲಾಬಿ ಸವರಿದ್ದನ್ನು ನೋಡಿ ಒಮ್ಮೆ, “ನಿಂಗಳ ತೀರ್ಥಹಳ್ಳೀಲಿ ಗುಲಾಬಿ ಬೆಳೆಸ್ತ್ರೋ, ಕೊತ್ತಂಬರಿ ಸೊಪ್ಪು ಬೆಳೆಸ್ತ್ರೋ?” ಎಂದಳು. ಎರಡು ದಿನ ನಾನು ಬೇಲಿಯ ಕಡೆ ಹೋಗಲಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ನಾನು ಮಾಡಿದ್ದೇ ಸರಿ ಎಂಬ ಹಟ ಅದರ ಪಕ್ಕದಲ್ಲಿಯೇ ಇರುತ್ತಿತ್ತು. ಈ ಹಟದ ವಿಷಯ ಹೇಳುವುದಕ್ಕೇ ಇಷ್ಟು ಬರೆಯಬೇಕಾಗಿದೆ.

ಗಿಡ ಬೆಳೆಸುವ ಹೆಂಗಸರಲ್ಲಿ ಆಗ ಒಂದು ಪದ್ಧತಿ ಇತ್ತು. ಈಗಲೂ ಅಲ್ಲಲ್ಲಿ ಇರಬಹುದು. ಗಿಡವನ್ನು ಕೇಳಿ ತರಬಾರದು, ಕದ್ದು ತರಬೇಕು. ಕೇಳಿ ತಂದದ್ದು ಬೇರು ಬಿಡುವುದಿಲ್ಲ ಎಂದು ನಂಬಿಕೆ. “ಕೇಳಿ ತಗಂಡ ಗಿಡ ಬತ್ತಿಲ್ಲೆ, ಕದ್ದಿದ್ದೇ ಬತ್ತು” ಎಂದು ಗುಮಾಸ್ತರ ಹೆಂಡತಿ ಶಾಸ್ತ್ರ ಹೇಳಿದ ಹಾಗೆ ಹೇಳುತ್ತಿದ್ದಳು. ಈ ಕಳ್ಳತನ ಇಬ್ಬರಿಗೂ ಗೊತ್ತಿದ್ದೇ ನಡೆಯಬೇಕು. ನಾವು ಯಾರದಾದರೂ ಮನೆಗೆ ಹೋಗಿ ಒಂದು ಗಿಡವನ್ನು ಹೊಗಳಿದರೆ ಮನೆಯವರು, “ತಡೀರಿ, ಹಾಲು ಉಕ್ಕುತ್ತೇನೋ ನೋಡಿ ಬರ್ತೀನಿ” ಎಂದು ಒಳಗೆ ಹೋಗುತ್ತಿದ್ದರು. ಅವರು ಹೊರಗೆ ಬರುವುದರೊಳಗೆ ಕೆಲಸ ಮುಗಿಯಬೇಕು. ಆಮೇಲೆ ಅವರು ಕಿತ್ತ ಜಾಗದ ಕಡೆ ಕಣ್ಣು ಹಾಯಿಸಬಾರದು, ಆ ಗಿಡದ ಸುದ್ದಿ ಎತ್ತಬಾರದು. ನಮ್ಮ ಅಂಗಳದಲ್ಲಿ ಅದು ಹೂ ಬಿಡುವ ಕಾಲ ಬಂದಾಗ ಮಾತ್ರ ಬಂದು “ಹೂ ಬಿಡ್ತಾ?” ಎಂದು ಕೇಳಬಹುದು. ಮೊದಲ ಹೂವು ಅವರದು. ಆಗಲೇ ಸಾಲ ತೀರಿದಂತೆ.

ಈ ವಿದ್ಯೆಯಲ್ಲಿ ನಾನು ಪಳಗಿದ ಕೈ. ಸೆರಗಿನ ಗಂಟಿನಲ್ಲಿ ಒಂದು ಸಣ್ಣ ಚೂರಿ ಸದಾ ಇರುತ್ತಿತ್ತು. ಮದುವೆ ಮನೆಯಲ್ಲಿ ಆರತಿ ಹಾಡುತ್ತಿದ್ದಾಗಲೇ ಹಿತ್ತಿಲಿಗೆ ಹೋಗಿ ಮುಳ್ಳಿಲ್ಲದ ಗುಲಾಬಿಯ ಟೊಂಗೆ ಕಡಿದು ತಂದವಳು ನಾನು. ನನ್ನ ಗಂಡ, “ಇವಳನ್ನ ಕರೆದುಕೊಂಡು ಯಾರ ಮನೆಗೂ ಹೋಗೋ ಹಾಗಿಲ್ಲ” ಎಂದು ಸ್ನೇಹಿತರ ಎದುರು ನಗುತ್ತಿದ್ದರು. ಹೊಸನಗರಕ್ಕೆ ಬಂದ ಎರಡನೆಯ ವರ್ಷಕ್ಕೆ ನಮ್ಮ ಅಂಗಳದಲ್ಲಿ ಹನ್ನೊಂದು ಬಗೆಯ ದಾಸವಾಳ ಇತ್ತು, ಅದರಲ್ಲಿ ಒಂದೂ ಕೇಳಿ ತಂದದ್ದಲ್ಲ.

ಹೊಳೆಸಾಲಿನ ಅಮ್ಮ ನಮ್ಮ ಅಂಗಳಕ್ಕೆ ಬಂದದ್ದು ಈ ದಾಸವಾಳ ನೋಡಿ. ಆಕೆ ಶರಾವತಿ ಹೊಳೆಯ ಬದಿಯ ಹಳ್ಳಿಯವರು, ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆಯವರು. ಐವತ್ತರ ಆಚೆಯ ವಯಸ್ಸು, ಗಂಡ ತೀರಿಕೊಂಡಿದ್ದರು, ಒಬ್ಬ ಮಗ. ಸಂತೆಗೆ ಬದನೆ, ಸೊಪ್ಪು, ಅಬ್ಬಲಿಗೆ ದಂಡೆ ತರುತ್ತಿದ್ದರು. ಕೆಳಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಹೊಳೆಸಾಲಿನ ಊರುಗಳೆಲ್ಲ ಮುಳುಗುತ್ತವೆ ಎಂದು ನೋಟೀಸು ಬಂದಿತ್ತು. ಸಂತೆಯ ದಿನ ಆಕೆಯ ಮಗ ಕಾಗದಪತ್ರ ಹಿಡಿದು ಕಚೇರಿಯ ಮುಂದೆ ನಿಂತರೆ, ಈಕೆ ಬುಟ್ಟಿ ಇಳಿಸಿ ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಮೊದಲ ದಿನವೇ ನನ್ನ ಕೈ ಹಿಡಿದು ಅಂಗೈಯನ್ನು ಮೇಲೆ ತಿರುಗಿಸಿ ನೋಡಿದರು.

“ಒಳ್ಳೇ ಕೈ ಕಣಮ್ಮ ನಿಮ್ದು. ಈ ಕೈ ಇಟ್ಟಿದ್ದು ಬರ್ತದೆ. ಎಲ್ರಿಗೂ ಇರಾದಿಲ್ಲ ಇದು.”

ಹೊಗಳಿಕೆಗೆ ನಾನು ಮಂಜುಗಡ್ಡೆಯಂತೆ ಕರಗುವವಳು. ಅವತ್ತಿನಿಂದ ಸಂತೆಯ ದಿನ ಆಕೆಗೆ ನಮ್ಮಲ್ಲಿ ಕಾಫಿ. ಬೇಲಿಯ ಆಚೆಯಿಂದ ಗುಮಾಸ್ತರ ಹೆಂಡತಿಯೂ ಬಂದು ಸೇರಿಕೊಳ್ಳುತ್ತಿದ್ದಳು. ಮೂವರ ಮಾತೂ ಗಿಡದ್ದೇ. ಮಲ್ಲಿಗೆಯ ಬುಡಕ್ಕೆ ಅಕ್ಕಿ ತೊಳೆದ ನೀರು ಹಾಕಿದರೆ ಇರುವೆ ಬರುತ್ತದೆ, ಬೂದಿ ಹಾಕಿ ಎಂದು ಹೇಳಿಕೊಟ್ಟವರು ಆಕೆ. ಗೆದ್ದಲಿಗೆ ಏನು ಮಾಡಬೇಕು, ಬಿಸಿಲಿಗೆ ಒಣ ದರಗೆಲೆಯನ್ನು ಎಷ್ಟು ದಪ್ಪ ಹೊದಿಸಬೇಕು, ಎಲ್ಲವೂ ಆಕೆಗೆ ಗೊತ್ತಿತ್ತು. ಊರು ಮುಳುಗುವ ವಿಷಯವನ್ನು ಮಾತ್ರ ಆಕೆಯಾಗಿ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ, “ನಮ್ಮನೇಲಿ ಬಿಳಿ ಕೇಪಳ ಐತೆ. ಮೊಗ್ಗು ಬಂದದೆ. ನೋಡಾಕ್ ಬನ್ನಿ ಇಬ್ರೂವ” ಎಂದರು.

ಕೆಂಪು ಕೇಪಳ ನಮ್ಮ ಗುಡ್ಡಗಳಲ್ಲಿ ಕಾಲಿಗೆ ತೊಡರುವಷ್ಟು ಉಂಟು. ಬಿಳಿಯದನ್ನು ನಾನು ಕಂಡೇ ಇರಲಿಲ್ಲ. ಆ ವಾರವೇ ಗುಮಾಸ್ತರ ಹೆಂಡತಿಯೂ ನಾನೂ ಬಸ್ಸು ಹತ್ತಿದೆವು. ನಿಟ್ಟೂರಿನ ದಾರಿಯಲ್ಲಿ ಇಳಿದು ಹೊಳೆಯ ಕಡೆಗೆ ಒಂದು ಮೈಲಿ ನಡೆಯಬೇಕು. ಊರಿನಲ್ಲಿ ಆಗಲೇ ನಾಲ್ಕೈದು ಮನೆ ಖಾಲಿಯಾಗಿದ್ದವು. ಹೋದವರು ಹೆಂಚು, ಬಾಗಿಲು, ಕಿಟಕಿ ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಗೋಡೆಗಳು ಮಾತ್ರ ನಿಂತಿದ್ದವು. ಬಾಗಿಲು ಕಿತ್ತ ಜಾಗದಲ್ಲಿ ಒಳಗಿನ ಒಲೆ, ಗೋಡೆಯ ಮೇಲಿನ ಮಸಿ, ಯಾರೋ ಬರೆದ ಹಸೆ ಚಿತ್ತಾರ ರಸ್ತೆಯಿಂದಲೇ ಕಾಣುತ್ತಿತ್ತು. ಬೇರೆಯವರ ಮನೆಯ ಒಳಗನ್ನು ಹೀಗೆ ನೋಡಬಾರದು ಎನ್ನಿಸಿ ನಾನು ತಲೆ ತಗ್ಗಿಸಿಕೊಂಡು ನಡೆದೆ.

ಆಕೆಯ ಅಂಗಳದಲ್ಲಿ ಮಾತ್ರ ಎಂದಿನ ವರ್ಷದ ಹಾಗೆಯೇ ಕೆಲಸ ನಡೆದಿತ್ತು. ಕಳೆ ಕಿತ್ತಿದ್ದರು, ಗಿಡಗಳಿಗೆಲ್ಲ ಪಾತಿ ಬಿಡಿಸಿ ಗೊಬ್ಬರ ಹಾಕಿದ್ದರು. ಬರುವ ಮಳೆಗಾಲಕ್ಕೆ ನೀರಿನಡಿಗೆ ಹೋಗುವ ಗಿಡಗಳಿಗೆ ಗೊಬ್ಬರ! ಬಾವಿಯ ಬಳಿ ಆ ಕೇಪಳ. ನನ್ನ ಎದೆಯೆತ್ತರದ ಪೊದೆ, ಎಲೆ ಕಾಣದಷ್ಟು ಮೊಗ್ಗು, ಒಂದೆರಡು ಗೊಂಚಲು ಆಗಲೇ ಅರಳಿ ಸಣ್ಣಗೆ ಪರಿಮಳ. ಬುಡದಲ್ಲಿ ಗೇಣುದ್ದದ ಒಂದೇ ಒಂದು ಮರಿ ಎದ್ದಿತ್ತು.

“ಮಗಳು ತಂದಿದ್ದು. ಹತ್ತು ವರ್ಷ ಆಗಿತ್ತು ಅವಾಗ ಅವಳಿಗೆ. ಸೊಪ್ಪಿಗೆ ಹೋದೋಳು ಗುಡ್ಡದಿಂದ ಕಿತ್ಕಂಡ್ ಬಂದ್ಲು. ಸತ್ತೋಗ್ತದೆ ಬಿಡು ಅಂದೆ ನಾನು. ಅದು ಉಳ್ಕಂತು. ಅವಳು ಮೊದಲ್ನೇ ಹೆರಿಗೇಲಿ ಹೋದ್ಲು” ಎಂದರು. ಇಷ್ಟನ್ನೂ ಗೊಬ್ಬರದ ವಿಷಯ ಹೇಳುವ ಧ್ವನಿಯಲ್ಲಿಯೇ ಹೇಳಿದರು.

“ಈ ಮರೀನ ನಾನು ತಗೊಂಡು ಹೋಗಿ ಸಾಕ್ಲಾ ಅಮ್ಮ?” ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು. ಪಕ್ಕದಲ್ಲಿದ್ದ ಗುಮಾಸ್ತರ ಹೆಂಡತಿ ನನ್ನ ಸೊಂಟಕ್ಕೆ ತಿವಿದಳು.

“ಕೊಟ್ಟಿದ್ದು ಬರಾದಿಲ್ಲಮ್ಮ, ನನ್ ಕೈಗುಣ ಹಂಗೆ. ತಮ್ಮನ್ ಮನೆಗೆ ಒಂದು ಮರಿ ಕೊಟ್ಟೆ, ಒಣಗೋಯ್ತು. ನಾದ್ನಿಗೆ ಕೊಟ್ಟೆ, ಗೆದ್ಲು ತಿಂತು. ಈಗ ಉಳ್ದಿರಾದು ಇದೊಂದೇಯ. ಇದನ್ನ ನಾನು ಮುಟ್ಟಾದಿಲ್ಲ, ಕೈಯಾರೆ ಯಾರಿಗೂ ಕೊಡಾದೂ ಇಲ್ಲ.” ಆಮೇಲೆ ಹೊಳೆಯ ಕಡೆ ನೋಡಿ ಅಂದರು: “ಮನೆ ಹೋಗ್ಲಿ, ಗದ್ದೆ ಹೋಗ್ಲಿ. ಗಿಡ ಒಂದು ಮುಳುಗ್ಬಾರ್ದು ನಂಗೆ.”

ಹೀಗಂದು, ಕಾಫಿ ತರುತ್ತೇನೆಂದು ಒಳಗೆ ಹೋದರು.

ಗುಮಾಸ್ತರ ಹೆಂಡತಿ ತಡಮಾಡಲಿಲ್ಲ. ಬೇಲಿಯ ಬದಿಯ ಹಳದಿ ದಾಸವಾಳದ ಎರಡು ಟೊಂಗೆ ಮುರಿದು ಚೀಲಕ್ಕೆ ಹಾಕಿಕೊಂಡಳು. ಹಾಕಿಕೊಂಡು ನನ್ನ ಕಡೆ ನೋಡಿ ಕಣ್ಣಿನಿಂದಲೇ ಕೇಪಳದ ಬುಡ ತೋರಿಸಿದಳು. ನಾನು ಮುಖ ತಿರುಗಿಸಿದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಮನೆ, ಗದ್ದೆ, ಊರು ಎಲ್ಲವನ್ನೂ ಕಳೆದುಕೊಳ್ಳಲಿರುವ ಹೆಂಗಸು. ಕಾಫಿ ಕಾಸಲು ಒಳಗೆ ಹೋದರೆ ಹಿಂದಿನಿಂದ ನಾವು ಕದಿಯುವುದೇ? ಅದೂ ಸತ್ತ ಮಗಳ ಗಿಡದ ಕೊನೆಯ ಮರಿಯನ್ನು? ಕೊಡುವುದಿಲ್ಲ ಎಂದು ಆಕೆ ಬಾಯಿಬಿಟ್ಟು ಹೇಳಿದ ಮೇಲೂ?

ಬಸ್ಸಿನಲ್ಲಿ ಇದನ್ನೇ ಹೇಳಿ ಅವಳಿಗೆ ಚೆನ್ನಾಗಿ ಬೈದೆ. “ಮುಳುಗಿ ಹೋಗೋ ಮನೇಲೂ ಕದೀತೀಯಲ್ಲೇ, ನಾಚಿಕೆ ಆಗಲ್ವಾ?”

“ಮುಳುಗಿ ಹೋಗ ಮನೇಲೇ ಕದಿಯವು ಮಾರಾಯ್ತಿ” ಎಂದಳು ಅವಳು, ಅಲ್ಲೇ ಕದಿಯಬೇಕು ಎಂಬ ಹಾಗೆ. “ಆ ಕೇಪಳ ನಿಂಗೆ ಅಂತ ಬಿಟ್ಟಿದ್ದು ನಾನು. ನಿನ್ನ ಕೈ ಅಲ್ದಾ ಅವರು ನೋಡಿದ್ದು?”

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡು ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಜನ್ಮವಿಡೀ ಕದ್ದವಳು ಅವತ್ತೊಂದು ದಿನ ಪ್ರಾಮಾಣಿಕಳಾಗಿ ಎದೆಯುಬ್ಬಿಸಿ ಕೂತಿದ್ದೆ. ಆ ತಿಂಗಳ ಕೊನೆಗೆ ಗುಮಾಸ್ತರಿಗೆ ವರ್ಗವಾಗಿ ಅವಳು ಹೊರಟುಹೋದಳು. ಬುದ್ಧಿ ಹೇಳುವವರು ಬೇಲಿಯ ಆಚೆ ಯಾರೂ ಉಳಿಯಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಹೊಳೆಸಾಲಿನ ಅಮ್ಮ ಸಂತೆಗೆ ಬಂದಾಗ, “ಕೇಪಳ ಪೂರಾ ಅರಳಿದೆ, ಬನ್ನಿ” ಎಂದು ಮತ್ತೆ ಕರೆದರು. ಈ ಸಲ ನಾನೊಬ್ಬಳೇ ಹೋದೆ. ಊರು ಅರ್ಧಕ್ಕರ್ಧ ಬರಿದಾಗಿತ್ತು. ಹೋದವರು ಬಿಟ್ಟುಹೋದ ಬೆಕ್ಕುಗಳು ಹೆಂಚಿನ ಮಾಡು ಇಲ್ಲದ ಗೋಡೆಗಳ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಬಾವಿಯ ಬಳಿ ಪೊದೆ ತುಂಬ ಬಿಳುಪು. ಬುಡದಲ್ಲಿ ಮರಿಯ ಸುತ್ತ ಮಣ್ಣನ್ನು ಸಡಿಲ ಮಾಡಿ, ಚೆನ್ನಾಗಿ ನೀರು ಹಾಕಿ ನೆನೆಸಿದ್ದರು. ಕೈಯಿಟ್ಟರೆ ಬೇರು ಸಮೇತ ಬರುವ ಹಾಗೆ. ಪಕ್ಕದಲ್ಲಿ ಒಂದು ಬಾಳೆಪಟ್ಟೆಯ ತುಂಡು, ಒಂದು ಮಾರು ಬಾಳೆನಾರು ಬಿದ್ದಿತ್ತು.

ನಾನು ಅದನ್ನು ನೋಡಿದೆ. ನೋಡಿ, ಮುಳುಗುವ ಊರಿನಲ್ಲಿಯೂ ಎಂಥ ಆರೈಕೆ ಎಂದು ಬೆರಗಾದೆ. ಅಷ್ಟೇ.

“ಕಾಫಿ ತರ್ತೀನಿ, ಕುತ್ಕಳಿ” ಎಂದು ಆಕೆ ಒಳಗೆ ಹೋದರು. ಕಾಫಿ ಬರಲು ಬಹಳ ಹೊತ್ತಾಯಿತು. ತಂದಾಗ ಅದು ಆರಿಹೋಗಿತ್ತು. ಆಕೆ ಪೊದೆಯ ಕಡೆ ನೋಡಲಿಲ್ಲ. ನನ್ನ ಕೈಚೀಲದ ಕಡೆ ಒಮ್ಮೆ ನೋಡಿದರು. ಚೀಲ ಬರಿದಾಗಿತ್ತು, ಮಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಆಕೆಯ ಮುಖ ಸಪ್ಪಗಾದುದನ್ನು ಕಂಡೆ. ಊರು ಬಿಡುವ ಸಂಕಟ ಎಂದುಕೊಂಡೆ. ಹೋಗುವಾಗ ಗಿಡಗಳ ಎಡೆಯಲ್ಲಿ ಬೆಳೆದಿದ್ದ ಎರಡು ಸೌತೆಕಾಯಿ ಕೊಟ್ಟರು. ಅದನ್ನು ನೇರವಾಗಿ ಕೈಯಿಂದಲೇ ಕೊಟ್ಟರು.

ಯುಗಾದಿ ಮುಗಿದ ಮೇಲೆ, ಹೊರಡುವ ದಿನ ಗೊತ್ತಾಗಿದೆ ಎಂದು ಸಂತೆಗೆ ಬಂದವರ ಬಾಯಲ್ಲಿ ಹೇಳಿ ಕಳಿಸಿದ್ದರು. “ಮೇಷ್ಟ್ರಮ್ಮ ಒಂದ್ಸಲ ಬಂದು ಹೋಗ್ಬೇಕಂತೆ” ಎಂದು. ನಾಲ್ಕು ಚಕ್ಕುಲಿ, ಒಂದು ಕುಪ್ಪಸದ ಕಣ ಚೀಲಕ್ಕೆ ಹಾಕಿಕೊಂಡು ಹೋದೆ. ಮೂರನೆಯ ಸಲ.

ಊರಿನಲ್ಲಿ ಆಕೆಯದೊಂದೇ ಮನೆಯಲ್ಲಿ ಹೊಗೆ ಏಳುತ್ತಿತ್ತು. ಅಲ್ಲಿಯೂ ಮುಂಬಾಗಿಲು ಕಿತ್ತಾಗಿತ್ತು. ಹೆಂಚು ಇಳಿಸಿ ಅಂಗಳದಲ್ಲಿ ಅಟ್ಟಿ ಕಟ್ಟಿದ್ದರು, ಒಂದು ಕೋಣೆಗೆ ಮಾತ್ರ ಮಾಡು ಉಳಿದಿತ್ತು. ಮಗ ಗಾಡಿ ಗೊತ್ತುಮಾಡಲು ಹೋಗಿದ್ದ. ಮಟಮಟ ಮಧ್ಯಾಹ್ನ. ಹಕ್ಕಿಯ ಸದ್ದೂ ಇಲ್ಲ, ಏಕೆಂದರೆ ಸುತ್ತಿನ ಮರಗಳನ್ನೆಲ್ಲ ಕಡಿದಿದ್ದರು. ಕೇಪಳದ ಹೂವು ಉದುರಿ ಬಾವಿಯ ಸುತ್ತ ಹಾಸಿತ್ತು. ಬುಡದ ಮಣ್ಣು ಅವತ್ತೂ ಸಡಿಲವಾಗಿತ್ತು, ಅವತ್ತೂ ಒದ್ದೆಯಾಗಿತ್ತು. ಬಾಳೆಪಟ್ಟೆಯ ಒಳಗೆ ಒಂದು ಮುಷ್ಟಿ ಹಸಿ ಸಗಣಿ ಹಚ್ಚಿ ಇಟ್ಟಿದ್ದರು. ಪಕ್ಕದಲ್ಲಿ ಒಂದು ಸಣ್ಣ ಕತ್ತಿ. ಮಗಳ ಗಿಡವನ್ನು ಕೊನೆಗೂ ಜೊತೆಗೆ ಒಯ್ಯುತ್ತಿದ್ದಾರೆ, ಸದ್ಯ, ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು.

“ಬಾಯಿ ಸಿಹಿ ಮಾಡ್ಬೇಕು ನಿಮ್ಗೆ, ಬೆಲ್ಲ ತರ್ತೀನಿ” ಎಂದು ಆಕೆ ಒಳಗೆ ಹೋದರು.

ಒಳಗೆ ಏನೂ ಇರಲಿಲ್ಲ. ಪಾತ್ರೆಗಳನ್ನೆಲ್ಲ ಗೋಣಿಗೆ ತುಂಬಿ ಜಗಲಿಯಲ್ಲಿ ಇಟ್ಟಿದ್ದರು, ನನ್ನ ಮೊಣಕಾಲಿಗೆ ತಾಗುತ್ತಿತ್ತು ಆ ಗೋಣಿ. ಬಾಗಿಲಿಲ್ಲದ ಆ ಕತ್ತಲೆಯಿಂದ ಒಂದು ಸದ್ದೂ ಬರಲಿಲ್ಲ. ಡಬ್ಬಿ ತೆಗೆದ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಬಿಸಿಲಲ್ಲಿ ಕೂತು ನನಗೆ ಒಂದು ಥರ ಭಯವಾಯಿತು. ಈ ಮನೆಯಲ್ಲಿ ಯಾರೂ ಇಲ್ಲವೇ ಇಲ್ಲ, ನಾನು ಬಂದದ್ದು ಖಾಲಿ ಊರಿಗೆ ಎನ್ನಿಸಿತು. ತಡೆಯಲಾರದೆ ಕೂಗಿದೆ: “ಅಮ್ಮಾ, ಏನೂ ಬೇಡ, ಬನ್ನಿ ಹೊರಗೆ!”

ಗೋಡೆಯ ಹಿಂದಿನಿಂದಲೇ, ತೀರ ಹತ್ತಿರದಿಂದ, ಆಕೆಯ ದನಿ ಬಂತು. “ಬರ್ತೀನಿ ಬರ್ತೀನಿ. ನೀವ್ ನಿಮ್ ಕೆಲ್ಸ ನೋಡ್ಕಳಿ.”

“ನಂಗೇನು ಕೆಲಸ ಇದೆ ಇಲ್ಲಿ?” ಎಂದು ನಾನು ನಕ್ಕೆ.

ಇನ್ನೂ ಸ್ವಲ್ಪ ಹೊತ್ತು ಆಕೆ ಬರಲಿಲ್ಲ. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ ಗೊತ್ತೇ? ಎದ್ದು ಕೇಪಳದ ಬಳಿಗೆ ಹೋಗಿ, ಆಕೆ ಒಯ್ಯುವವರೆಗೆ ಬಿಸಿಲಿಗೆ ಬಾಡೀತೆಂದು ಸಡಿಲವಾಗಿದ್ದ ಮಣ್ಣನ್ನು ಮರಿಯ ಬುಡಕ್ಕೆ ಎಳೆದು ಕೈಯಿಂದ ಒತ್ತಿ ಗಟ್ಟಿ ಮಾಡಿದೆ. ಕೊಡದಲ್ಲಿದ್ದ ನೀರಿನಲ್ಲಿ ಕೈ ತೊಳೆದುಕೊಂಡೆ. ಆಕೆ ಹೊರಗೆ ಬಂದಾಗ ನನ್ನ ಒದ್ದೆ ಕೈಯನ್ನೂ ಉಗುರಿನ ಸಂದಿಯ ಮಣ್ಣನ್ನೂ ಕಂಡರು. ಪೊದೆಯ ಕಡೆ ಕಣ್ಣೆತ್ತಿಯೂ ನೋಡದೆ ನೇರವಾಗಿ ನನ್ನ ಹತ್ತಿರ ಬಂದರು. ಆ ಮುಖದಲ್ಲಿ ಬಂದ ಬೆಳಕನ್ನು ನಾನು ಮರೆಯಲಾರೆ. ಚೂರು ಬೆಲ್ಲವನ್ನು ತಾವೇ ನನ್ನ ಬಾಯಿಗೆ ಇಟ್ಟರು. “ನಂದು ಇನ್ನೇನೂ ಇಲ್ಲ ಇಲ್ಲಿ. ಹೋಗ್ಬನ್ನಿ. ಬಸ್ಸಿಗೆ ಹೊತ್ತಾಯ್ತು” ಎಂದು ಬೇಲಿಯವರೆಗೆ ಬಂದು ಕಳಿಸಿಕೊಟ್ಟರು.

ಜೂನಿನಲ್ಲಿ ಮಳೆ ಹಿಡಿಯಿತು. ನೀರು ಏರಿದ ಸುದ್ದಿ ನಮಗೆ ಬಸ್ಸಿನವರಿಂದ ಬರುತ್ತಿತ್ತು. ಇವತ್ತು ಗದ್ದೆ ಬಯಲು, ನಾಳೆ ದೇವಸ್ಥಾನದ ಮೆಟ್ಟಿಲು, ನಾಡಿದ್ದು ರಸ್ತೆ. ಒಂದು ದಿನ ಆ ಹಳ್ಳಿಯ ತಿರುವಿನಲ್ಲಿ ಬಸ್ಸು ನಿಲ್ಲಿಸುವುದನ್ನೇ ಬಿಟ್ಟರು. ನನಗೆ ಮಾತ್ರ ರಾತ್ರಿ ಮಲಗಿದಾಗ ಆ ಸದ್ದಿಲ್ಲದ ಕೋಣೆಯ ನೆನಪಾಗುತ್ತಿತ್ತು. ಏಕೆ ನೆನಪಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಊರು ಮುಳುಗಿದ ದುಃಖ ಇರಬೇಕು ಎಂದು ಗಂಡ ಸಮಾಧಾನ ಮಾಡಿದರು.

ಮಾರನೆಯ ವರ್ಷ, ಗುಡ್ಡಗಳಲ್ಲಿ ಕೆಂಪು ಕೇಪಳ ಅರಳಿದ್ದ ಕಾಲ. ಒಂದು ಬೆಳಿಗ್ಗೆ ಮಲ್ಲಿಗೆಗೆ ಬೂದಿ ಹಾಕುತ್ತಿದ್ದೆ. ಬೇಲಿಯ ಹತ್ತಿರ ಹೊಳೆಸಾಲಿನ ಅಮ್ಮ ನಿಂತಿದ್ದರು. ಶಿವಮೊಗ್ಗದಾಚೆ ಬಯಲಿನಲ್ಲಿ ಜಮೀನು ಕೊಟ್ಟಿದ್ದರಂತೆ. ಎರಡು ಬಸ್ಸು ಬದಲಿಸಿ ಬಂದಿದ್ದರು, ಒಬ್ಬರೇ. ಬಿಸಿಲಿಗೆ ಕರಿಕಲಾಗಿದ್ದರು, ಬಹಳ ಇಳಿದಿದ್ದರು. ನಾನು ಓಡಿ ಹೋಗಿ ಕೈ ಹಿಡಿದು ಜಗಲಿಗೆ ಕರೆದೆ. ಆಕೆ ಕೂರಲಿಲ್ಲ. ಒಂದು ನಗು ನಕ್ಕು, ಅಂಗಳಕ್ಕೆ ಇಳಿದು ಗಿಡಗಳ ನಡುವೆ ನಡೆಯತೊಡಗಿದರು.

ನಾನು ಹಿಂದೆಯೇ ಹೋಗುತ್ತ ನನ್ನ ಜಂಬ ಕೊಚ್ಚಿದೆ. ಇದು ತೀರ್ಥಹಳ್ಳಿಯಿಂದ ತಂದ ಗುಲಾಬಿ, ಈ ಸಲ ಗೇಣು ಬಿಟ್ಟೇ ಸವರಿದ್ದು. ಇದು ಹೊಸ ದಾಸವಾಳ. ಆಕೆ ಹೂಂ ಹೂಂ ಎನ್ನುತ್ತ ಒಂದೊಂದನ್ನೂ ದಾಟಿ ಹೋಗುತ್ತಿದ್ದರು. ಮನೆಯ ಬಲಗಡೆ ನೋಡಿದರು. ಹಿತ್ತಿಲಿಗೆ ಹೋಗಿ ಬಚ್ಚಲು ನೀರು ಹರಿಯುವ ತಂಪಿನ ಜಾಗದಲ್ಲಿ ನೋಡಿದರು. ಅಲ್ಲಿ ಕೆಸುವಿನ ಎಲೆಗಳನ್ನು ಕೈಯಿಂದ ಸರಿಸಿ ಹಿಂದೆ ಇಣುಕಿದರು. ಆಮೇಲೆ ಚೀಲದಿಂದ ಒಂದು ತೊಳೆದ ಬಾಳೆಯೆಲೆಯ ತುಂಡು ತೆಗೆದು, ಮಡಿಕೆ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡು ನನ್ನ ಕಡೆ ತಿರುಗಿದರು.

“ಹೂ ಬಿಡ್ತಾ?” ಎಂದರು.

ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ತಿಳಿಯಿತು. ಸಡಿಲ ಮಾಡಿದ ಮಣ್ಣು, ಬಾಳೆಪಟ್ಟೆ, ಸಗಣಿ, ಕತ್ತಿ. ಆರಿದ ಕಾಫಿ. ಪಾತ್ರೆಯಿಲ್ಲದ ಮನೆಯ ಗೋಡೆಗೆ ಮೈಯೊತ್ತಿ, ಉಸಿರು ಬಿಗಿಹಿಡಿದು ಆಕೆ ನಿಂತಿದ್ದದ್ದು. ನಾನು ಕದಿಯಲೆಂದು, ನನ್ನ ಕೈ ಒಳ್ಳೆಯದೆಂದು. ಕೊನೆಯ ದಿನ ನನ್ನ ಉಗುರಿನ ಮಣ್ಣು ಕಂಡು, ಕದ್ದಾಯಿತೆಂದು ನಂಬಿ, ಕದ್ದ ಜಾಗವನ್ನು ನೋಡಬಾರದೆಂದು ಪೊದೆಯ ಕಡೆ ತಿರುಗಿಯೂ ನೋಡದೆ ಊರು ಬಿಟ್ಟಿದ್ದರು.

ಸುಳ್ಳು ಹೇಳಬಹುದಿತ್ತು. ಮಳೆಗೆ ಕೊಳೆಯಿತು, ದನ ತಿಂತು ಎಂದಿದ್ದರೆ ನಂಬುತ್ತಿದ್ದರು. ಆದರೆ ಬಾಯಿಂದ ಬಂದದ್ದು, “ಅಮ್ಮ, ನಾನು ಕದೀಲಿಲ್ಲ” ಎಂಬ ಮಾತು. ಪಂಚಾಯಿತಿಯಲ್ಲಿ ನಿಂತು ನಿರಪರಾಧಿ ಹೇಳುವ ಹಾಗೆ.

ಆಕೆ ಬಾಳೆಯೆಲೆಯನ್ನು ನೋಡುತ್ತ ನಿಂತರು.

“ಮೂರ್ ಸಲ ಒಳಗೆ ಹೋದ್ನಲ್ಲಮ್ಮ.”

ನಾನು ಆಕೆಯ ಕಾಲ ಬಳಿ ಕುಕ್ಕರಿಸಿದೆ. ನಿಮ್ಮನ್ನು ನೋಯಿಸಬಾರದು ಅಂತ, ಎಲ್ಲಾ ಕಳಕೊಂಡವರ ಹತ್ತಿರ ಕದಿಯಬಾರದು ಅಂತ, ಎಂದು ಏನೇನೋ ಹೇಳಿದೆ. ಅಳುತ್ತಿದ್ದೆ. ಬೈಯಲಿ, ಒಂದು ಏಟು ಹೊಡೆಯಲಿ ಎಂದು ಕಾದೆ. ಆಕೆ ಬೈಯಲಿಲ್ಲ. ಎಲೆಯನ್ನು ಮೊದಲಿನ ಹಾಗೆಯೇ ಮಡಿಸಿ ಚೀಲದೊಳಗೆ ಇಟ್ಟರು. ನನ್ನ ಹೆಗಲು ಹಿಡಿದು ಎಬ್ಬಿಸಿದರು. ಕುಡಿಯಲು ನೀರು ಕೇಳಿ, ನಾನು ತಂದ ಚೊಂಬಿನಿಂದ ಎತ್ತಿ ಕುಡಿದರು.

“ನೀವ್ ತಗಂಡ್ ಹೋದ್ರಿ ಅಂತ ಬಿಟ್ ಬಂದೆ ನಾನು” ಎಂದರು. “ಇಲ್ದಿದ್ರೆ ನಾನೇ ಕಿತ್ಕಂಡ್ ಬರ್ತಿದ್ದೆ. ನನ್ ಕೈಯಾಗೆ ಬರ್ತಿತ್ತೋ ಇಲ್ವೋ, ನೋಡ್ತಿದ್ದೆ.”

ಚೊಂಬನ್ನು ಜಗಲಿಯ ಮೇಲಿಟ್ಟು, ಸೆರಗು ಹೊದ್ದು ಆಕೆ ಬಸ್ ಸ್ಟ್ಯಾಂಡಿನ ಕಡೆ ನಡೆದರು.